ಕಡಲಿಗೆ ಬೆನ್ನು ಹಾಕಿ ಕುಳಿತುಕೊಳ್ಳಿ

ಹಕ್ಕಿ ನೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯಿಂದ ಬಂದಿವೆ. ಬರೆದವರಲ್ಲಿ ಬಹುಮಂದಿ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ಕತ್ತಲಾಗುವುದರೊಳಗೆ, ಒಂದಿಷ್ಟು ಹಕ್ಕಿ ನೋಡಬೇಕೆಂದು ಬಯಸುವವರು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಏಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಮೊದಲ ಪತ್ರದ ಉತ್ತರ ಅಂಕಣದ ಅರ್ಧವನ್ನೇ ನುಂಗಿದೆ. ಉಳಿದವರು ಬೇಸರಿಸಬಾರದು, ಅದರಲ್ಲಿ ಅವರ ಪ್ರಶ್ನೆಗಳಿಗೂ ಪಾಲಿದೆ.

ಪ್ರಶ್ನೆ: ನಾನು ಕಾರವಾರದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಮನೆ ಕೋಡಿಬಾಗದ ಕಡೆ. ಹಕ್ಕಿ ನೋಡಬೇಕೆಂದರೆ ಬೆಳಿಗ್ಗೆ ಆರು ಗಂಟೆಗೇ ಹೊರಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಹೊತ್ತಿನಲ್ಲಿ ನಾನು ದೋಸೆ ಹುಯ್ಯುತ್ತ, ಮಕ್ಕಳ ಬುತ್ತಿ ಕಟ್ಟುತ್ತ ಇರುತ್ತೇನೆ. ನನಗೆ ಸಿಗುವುದು ಸಂಜೆ ಐದೂವರೆಯ ನಂತರದ ಮುಕ್ಕಾಲು ಗಂಟೆ ಮಾತ್ರ. ಉದ್ಯಾನದಲ್ಲಿ ಕಾಗೆ, ಗೊರವಂಕ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕಡಲ ದಂಡೆಗೆ ಹೋದರೆ ಎಲ್ಲ ಹಕ್ಕಿಗಳೂ ಕಪ್ಪಾಗಿಯೇ ಕಾಣುತ್ತವೆ. ಈ ಹವ್ಯಾಸ ನನ್ನಂಥವರಿಗೆ ಒಗ್ಗುವುದಿಲ್ಲವೇ?
— ಓದುಗರು, ಕಾರವಾರ

ಉತ್ತರ: ಬೆಳಿಗ್ಗೆ ಹೊರಡಬೇಕೆಂದವರು ಸುಳ್ಳು ಹೇಳಿಲ್ಲ. ರಾತ್ರಿಯಿಡೀ ಉಪವಾಸವಿದ್ದ ಹಕ್ಕಿ ಬೆಳಕು ಹರಿದೊಡನೆ ಹೊಟ್ಟೆಪಾಡಿಗೆ ಹೊರಡುತ್ತದೆ, ಗಂಡುಗಳು ತಮ್ಮ ಗಡಿಯನ್ನು ಸಾರಿಕೊಳ್ಳಲು ಹಾಡುತ್ತವೆ, ಗಾಳಿ ಇನ್ನೂ ತಣ್ಣಗೆ ನಿಂತಿರುವುದರಿಂದ ಆ ಹಾಡು ದೂರದವರೆಗೆ ಕೇಳಿಸುತ್ತದೆ. ಒಂದು ಗಂಟೆಯಲ್ಲಿ ಆದಷ್ಟು ಹೆಚ್ಚು ಜಾತಿಗಳನ್ನು ಪಟ್ಟಿಗೆ ಸೇರಿಸಬೇಕೆನ್ನುವವರಿಗೆ ಬೆಳಗೇ ಸರಿ. ಆದರೆ ಬೆಳಿಗ್ಗೆ ಬಿಡುವಿಲ್ಲದವರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಳ್ಳಬೇಕಾದ ಹೊತ್ತು ಸಂಜೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಹಕ್ಕಿಗಳು ಚದುರಿ ಹೋಗುತ್ತವೆ, ಸಂಜೆ ಕೂಡಿ ಬರುತ್ತವೆ. ಬೆಳಿಗ್ಗೆ ಅವುಗಳ ಹಿಂದೆ ನಾವು ಅಲೆಯಬೇಕು, ಸಂಜೆ ಒಂದು ಬೆಂಚಿನ ಮೇಲೆ ಕುಳಿತರೆ ಅವೇ ನಮ್ಮ ತಲೆಯ ಮೇಲೆ ಬರುತ್ತವೆ. ದಿನವಿಡೀ ಕಡತಗಳ ಮುಂದೆ ಕುಳಿತು ಬಂದವರಿಗೆ ಮತ್ತೆ ಕುಳಿತುಕೊಳ್ಳಿ ಎನ್ನುವುದು ಸಂಕೋಚದ ಮಾತೇ ಸರಿ, ಆದರೂ ಅದನ್ನೇ ಹೇಳುತ್ತೇನೆ. ಉದ್ಯಾನದ ಸುತ್ತ ನಾಲ್ಕು ಸುತ್ತು ಹಾಕಿದರೆ ಸಿಗುವುದಕ್ಕಿಂತ ಹೆಚ್ಚು, ಒಂದೇ ಮರದ ಎದುರು ಅರ್ಧ ಗಂಟೆ ಕದಲದೆ ಕುಳಿತವರಿಗೆ ಸಿಗುತ್ತದೆ.

ಮೊದಲು ಕಪ್ಪು ಹಕ್ಕಿಗಳ ವಿಷಯ. ತಪ್ಪು ನಿಮ್ಮ ಕಣ್ಣಿನದಲ್ಲ, ನೀವು ಕುಳಿತ ದಿಕ್ಕಿನದು. ಕಾರವಾರದಲ್ಲಿ ಕಡಲಿರುವುದು ಪಡುವಣಕ್ಕೆ. ಸಂಜೆ ಸೂರ್ಯನೂ ಅಲ್ಲಿಯೇ ಇಳಿಯುತ್ತಾನೆ. ಬೆಳಕಿಗೆ ಅಡ್ಡವಾಗಿ ಹಾರುವ ಯಾವ ಹಕ್ಕಿಯೂ ಬಣ್ಣ ಕಳೆದುಕೊಂಡು ನೆರಳಾಗಿಯೇ ಕಾಣಬೇಕು. ಟಾಗೋರ್ ಕಡಲತೀರಕ್ಕೆ ಬಂದವರೆಲ್ಲ ಸೂರ್ಯಾಸ್ತದತ್ತ ಮುಖ ಮಾಡಿ ಕುಳಿತಿರುವಾಗ, ಹಕ್ಕಿ ನೋಡುವವರು ಮಾತ್ರ ಕಡಲಿಗೆ ಬೆನ್ನು ಹಾಕಿ ಕುಳಿತುಕೊಳ್ಳಬೇಕು. ಆಗ ಇಳಿಬಿಸಿಲು ನಿಮ್ಮ ಹೆಗಲ ಮೇಲಿಂದ ಹಾದು ಗಾಳಿಮರಗಳ ಮೇಲೂ ತೆಂಗಿನ ಗರಿಗಳ ಮೇಲೂ ಅಡ್ಡಲಾಗಿ ಬೀಳುತ್ತದೆ. ಅಲ್ಲಿ ಬಂದು ಕೂರುವ ಗರುಡನ ಮೈಯ ಇಟ್ಟಿಗೆಗೆಂಪು, ತಲೆ ಮತ್ತು ಎದೆಯ ಬಿಳುಪು, ಆ ಬಿಳುಪಿನಲ್ಲಿ ಎಳೆದ ಸಣ್ಣ ಕಪ್ಪು ಗೀರುಗಳು ಬರಿಗಣ್ಣಿಗೇ ಸ್ಪಷ್ಟವಾಗುತ್ತವೆ. ನಡುಮಧ್ಯಾಹ್ನ ಅದೇ ಹಕ್ಕಿ ಇಷ್ಟು ಚೆನ್ನಾಗಿ ಕಾಣುವುದಿಲ್ಲ. ನಿಮ್ಮ ಮನೆಯ ಹತ್ತಿರವೇ ಇರುವ ಕಾಳಿ ಹೊಳೆಯ ದಂಡೆಗೂ ಇದೇ ಲೆಕ್ಕ. ಹೊಳೆ ಕಡಲು ಸೇರುವ ಕಡೆಗೆ ನೋಡಬೇಡಿ. ಹೊಳೆ ಹರಿದು ಬರುವ ದಿಕ್ಕಿಗೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಡೆಗೆ ಮುಖ ಮಾಡಿ. ಬೆಳ್ಳಕ್ಕಿಗಳು, ಮಿಂಚುಳ್ಳಿಗಳು, ನೀರಂಚಿನ ಕಲ್ಲಿನ ಮೇಲೆ ಬಾಲ ಕುಣಿಸುತ್ತ ಓಡಾಡುವ ಪುಟ್ಟ ವಲಸೆ ಹಕ್ಕಿ, ಎಲ್ಲವೂ ಬಣ್ಣಸಮೇತ ಕಾಣುತ್ತವೆ.

ಇನ್ನು ಉದ್ಯಾನ. ಕಾಗೆ, ಗೊರವಂಕ ಬಿಟ್ಟರೆ ಏನೂ ಇಲ್ಲ ಎಂದಿದ್ದೀರಿ. ಆ ಗೊರವಂಕಗಳನ್ನೇ ಒಂದು ಸಂಜೆ ಪೂರ್ತಿಯಾಗಿ ನೋಡಿದ್ದೀರಾ? ಕಳೆದ ಜನವರಿಯಲ್ಲಿ ಕಾರವಾರಕ್ಕೆ ಬಂದಿದ್ದಾಗ ನಾನು ಒಂದು ಮಳೆಮರದ ಕೆಳಗೆ ಕುಳಿತು ನೋಡಿದ್ದನ್ನು ಇಲ್ಲಿ ಬರೆಯುತ್ತೇನೆ. ಐದು ಮುಕ್ಕಾಲರ ಹೊತ್ತಿಗೆ ಮರ ಖಾಲಿಯಾಗಿತ್ತು. ಗೊರವಂಕಗಳು ಆಚೆ ಬದಿಯ ಕಟ್ಟಡದ ಅಂಚಿನ ಮೇಲೂ ತಂತಿಗಳ ಮೇಲೂ ಹತ್ತು ಹದಿನೈದರ ಗುಂಪುಗಳಲ್ಲಿ ಸುಮ್ಮನೆ ಕುಳಿತಿದ್ದವು. ಅವು ನೇರವಾಗಿ ಮಲಗುವ ಮರಕ್ಕೆ ಬರುವುದಿಲ್ಲ. ಮೊದಲು ಹತ್ತಿರದಲ್ಲೆಲ್ಲೋ ಸೇರಿ, ಗುಂಪು ಬೆಳೆದ ಮೇಲೆ ಒಟ್ಟಾಗಿ ಬರುತ್ತವೆ. ಆರೂ ಕಾಲಿಗೆ ಮೊದಲ ಗುಂಪು ಮರದೊಳಗೆ ಧುಮುಕಿತು. ಅಲ್ಲಿಂದ ಹದಿನೈದು ನಿಮಿಷ ಗುಂಪಿನ ಮೇಲೆ ಗುಂಪು ಬರುತ್ತಲೇ ಇತ್ತು; ಮರ ಸಂತೆಯಾಯಿತು. ಒಂದು ಕೊಂಬೆಯಲ್ಲಿ ಎರಡು ಗೊರವಂಕಗಳು ಒಂದೇ ಜಾಗಕ್ಕಾಗಿ ಎಷ್ಟು ಹೊತ್ತು ತಳ್ಳಾಡಿದವೆಂದರೆ, ಅಷ್ಟರಲ್ಲಿ ಮೂರನೆಯದೊಂದು ಬಂದು ಆ ಜಾಗದಲ್ಲಿ ಕುಳಿತೇಬಿಟ್ಟಿತು. ಬೆಳಕು ಇಳಿದಂತೆ ಮಳೆಮರದ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವಲ್ಲ, ಆಗ ಕೊಡೆಯಂತಿದ್ದ ಮರ ಜಾಳಾಗಿ, ಅದುವರೆಗೆ ಸದ್ದಾಗಿ ಮಾತ್ರ ಇದ್ದ ಹಕ್ಕಿಗಳು ಒಂದೊಂದಾಗಿ ಕಣ್ಣಿಗೆ ಬಿದ್ದವು. ಏಳಕ್ಕೆ ಐದು ನಿಮಿಷವಿರುವಾಗ ಆ ಗದ್ದಲವೆಲ್ಲ ಯಾರೋ ಗದರಿಸಿದಂತೆ ಒಮ್ಮೆಲೇ ನಿಂತಿತು.

ಹೀಗೆ ಒಂದೆಡೆ ಸೇರಿ ಮಲಗುವುದರಲ್ಲಿ ಹಕ್ಕಿಗಳಿಗೆ ಲಾಭವಿದೆ. ಹಲವು ಕಣ್ಣುಗಳಿದ್ದರೆ ಶತ್ರು ಬೇಗ ಕಾಣುತ್ತಾನೆ. ಗುಂಪು ದೊಡ್ಡದಾದಷ್ಟೂ ಗೂಬೆಗೋ ಬೆಕ್ಕಿಗೋ ಸಿಗುವುದು ತಾನೇ ಆಗುವ ಸಂಭವ ಕಡಿಮೆ. ಎಲ್ಲಿ ಮೇವು ಚೆನ್ನಾಗಿತ್ತೆಂಬುದು ಹೊಟ್ಟೆ ತುಂಬಿ ಬಂದವುಗಳ ಹಿಂದೆ ಮರುದಿನ ಹೋದರೆ ತಿಳಿಯುತ್ತದೆ. ಚಳಿಗಾಲದಲ್ಲಿ ಈ ಗುಂಪುಗಳನ್ನು ಇನ್ನೂ ಗಮನವಿಟ್ಟು ನೋಡಿ: ಗೊರವಂಕಗಳ ನಡುವೆ ಕಪ್ಪು ತಲೆ, ಕಪ್ಪು ರೆಕ್ಕೆ, ಮಾಸಲು ಗುಲಾಬಿ ಮೈಯ ಗುಲಾಬಿ ಕಬ್ಬಕ್ಕಿಗಳು ಸೇರಿರುವುದುಂಟು. ಅವು ಪೂರ್ವ ಯೂರೋಪ್ ಮತ್ತು ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡಿ ಚಳಿಗಾಲ ಕಳೆಯಲು ನಮ್ಮಲ್ಲಿಗೆ ಬರುವಂಥವು. ಕಾಗೆ, ಗೊರವಂಕವೆಂದು ಕೈಬಿಟ್ಟ ಮರದಲ್ಲಿಯೇ ಅಷ್ಟು ದೂರದ ನೆಂಟರು ಮಲಗಿರಬಹುದು.

ಸೂರ್ಯ ಮುಳುಗಿದ ಮೇಲೆ ಬಣ್ಣ ಹೋಗುತ್ತದೆ, ಆಕಾರ ಉಳಿಯುತ್ತದೆ. ಈಗ ನೀವು ಪಡುವಣಕ್ಕೆ ತಿರುಗಬಹುದು. ಆಕಾಶದಲ್ಲಿ ಸಾಲಾಗಿ ಹೋಗುವವು ಕುತ್ತಿಗೆಯನ್ನು ಎಸ್ ಆಕಾರದಲ್ಲಿ ಮಡಚಿಕೊಂಡಿದ್ದರೆ ಬೆಳ್ಳಕ್ಕಿ ಅಥವಾ ಬಕ. ಕುತ್ತಿಗೆ ಮುಂದಕ್ಕೆ ಚಾಚಿ ಬಡಬಡನೆ ರೆಕ್ಕೆ ಬಡಿದರೆ ನೀರುಕಾಗೆ. ಚಾಚಿದ ಕುತ್ತಿಗೆಯ ತುದಿಯಲ್ಲಿ ಕುಡುಗೋಲಿನಂತೆ ಬಾಗಿದ ಕೊಕ್ಕಿದ್ದರೆ ಕೆಂಬರಲು. ಹದ್ದಿನ ಬಾಲದ ತುದಿ ಕವಲು, ಗರುಡನದು ದುಂಡು. ಎಳೆಯ ಗರುಡ ಕಂದಾಗಿದ್ದು ಹದ್ದೆಂದೇ ಮೋಸಗೊಳಿಸುವುದರಿಂದ, ಬಣ್ಣಕ್ಕಿಂತ ಬಾಲವನ್ನು ನಂಬುವುದು ಹಗಲಿನಲ್ಲಿಯೂ ಒಳ್ಳೆಯದು. ಕತ್ತಲು ಕವಿಯುವವರೆಗೂ ಆಕಾಶದಲ್ಲಿಯೇ ಸುತ್ತುವವು ಬಾನಾಡಿಗಳು. ಅವುಗಳ ಪುಟ್ಟ ಕಾಲುಗಳು ಗೋಡೆಗೆ ಅಂಟಿಕೊಳ್ಳಲು ತಕ್ಕವೇ ಹೊರತು ತಂತಿಯ ಮೇಲೆ ಕೂರಲು ಬಾರವು. ಆದ್ದರಿಂದ ತಂತಿಯ ಮೇಲೆ ಸಾಲಾಗಿ ಕುಳಿತದ್ದು ಏನೇ ಇರಲಿ, ಬಾನಾಡಿಯಂತೂ ಅಲ್ಲ, ಕವಲುತೋಕೆಗಳಾಗಿರಬಹುದು. ಕೊನೆಗೆ ಪಾಳಿ ಬದಲಾಗುತ್ತದೆ. ಹಗಲಿನ ಬಕಗಳು ಮರಕ್ಕೆ ಮರಳುವಾಗ ಇರುಳು ಬಕ ‘ಕ್ವಾಕ್’ ಎಂದು ಒಂದೇ ಮಾತು ಹೇಳಿ ಹೊಳೆಯ ಕಡೆಗೆ ಕೆಲಸಕ್ಕೆ ಹೊರಡುತ್ತದೆ. ಆಮೇಲೆ ನಿಧಾನವಾಗಿ ರೆಕ್ಕೆ ಬಡಿಯುತ್ತ ಬರುವ ದೊಡ್ಡ ನೆರಳುಗಳು ಹಕ್ಕಿಗಳಲ್ಲ, ಬಾವಲಿಗಳು. ಅವು ಕಂಡವೆಂದರೆ ನಿಮ್ಮ ಆಟ ಮುಗಿದಂತೆ.

ನಿಮಗೆ ಸಿಗುವ ಹೊತ್ತಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕಚೇರಿಯವರಿಗೆ ಇದು ಮುಖ್ಯ. ಕಾರವಾರದಲ್ಲಿ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದು ವರ್ಷದ ಅತಿ ಚಿಕ್ಕ ಹಗಲಾದ ಡಿಸೆಂಬರ್ 21ರ ಸುಮಾರಿಗೆ ಅಲ್ಲ, ನವೆಂಬರ್ ಕೊನೆಯ ವಾರದಲ್ಲಿ, ಸಂಜೆ 6 ಗಂಟೆ ದಾಟಿ ಒಂದೆರಡು ನಿಮಿಷಕ್ಕೆ. ಭೂಮಿಯ ಅಕ್ಷ ಓರೆಯಾಗಿರುವುದೂ ಅದರ ದಾರಿ ಪೂರ್ಣ ವೃತ್ತವಲ್ಲದಿರುವುದೂ ಸೇರಿ, ಆ ದಿನಗಳಲ್ಲಿ ನಡುಹಗಲೇ ದಿನದಿಂದ ದಿನಕ್ಕೆ ಮುಂದಕ್ಕೆ ಜಾರುತ್ತದೆ. ಹಾಗಾಗಿ ಹಗಲು ಇನ್ನೂ ಕುಗ್ಗುತ್ತಿರುವಾಗಲೇ ಸಂಜೆ ಹಿಗ್ಗತೊಡಗುತ್ತದೆ. ಜನವರಿ ಕೊನೆಗೆ ಸೂರ್ಯಾಸ್ತ ಸುಮಾರು 6.30ಕ್ಕೆ ಬಂದಿರುತ್ತದೆ, ಅದರ ಮೇಲೆ ಇಪ್ಪತ್ತು ನಿಮಿಷ ನಸುಬೆಳಕು. ವಲಸೆ ಬಂದ ಹಕ್ಕಿಗಳು ಆಗಿನ್ನೂ ಇಲ್ಲಿಯೇ ಇರುತ್ತವೆ, ಮಳೆಯ ಕಾಟವಿಲ್ಲ. ಐದೂವರೆಗೆ ಕೆಲಸ ಬಿಡುವವರಿಗೆ ಜನವರಿ ನಡುವಿನಿಂದ ಮಾರ್ಚ್ ಕೊನೆಯವರೆಗಿನ ಸಂಜೆಗಳೇ ಇಡೀ ವರ್ಷದಲ್ಲಿ ಶ್ರೇಷ್ಠ. ಜುಲೈ ಮೊದಲ ವಾರದಲ್ಲಿ ಸೂರ್ಯ 7 ಗಂಟೆ ದಾಟಿಯೇ ಮುಳುಗುವನಾದರೂ, ಆಗ ನಮ್ಮ ಕರಾವಳಿಯಲ್ಲಿ ಸೂರ್ಯನನ್ನು ಕಂಡವರಾರು?

ಒಬ್ಬರೇ ಹೋಗುವುದಾದರೆ ದೀಪವಿರುವ, ಜನ ಓಡಾಡುವ ಕಡೆಯ ಬೆಂಚನ್ನೇ ಆರಿಸಿಕೊಳ್ಳಿ. ಮಡಿವಾಳ ಹಕ್ಕಿಯಂತೂ ದೀಪದ ಕಂಬದ ಬಳಿಯೇ ಕೊನೆಯವರೆಗೂ ಹಾಡುತ್ತಿರುತ್ತದೆ. ಅದನ್ನು ಕೇಳಲು ಕತ್ತಲ ಮೂಲೆಗೆ ಹೋಗಬೇಕಾಗಿಲ್ಲ.

ಪ್ರಶ್ನೆ: ಸಂಜೆ ಹಕ್ಕಿ ನೋಡಲು ಒಂದು ದುರ್ಬೀನು ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ಜೇಬಿನಲ್ಲಿ ಹಿಡಿಯುವ 10×25 ತೋರಿಸಿ, ಹತ್ತು ಪಟ್ಟು ಹತ್ತಿರ ಕಾಣುತ್ತದೆ, ಇದೇ ಒಳ್ಳೆಯದು ಎಂದರು. ಸ್ನೇಹಿತರು 8×42 ಕೊಳ್ಳಲು ಹೇಳುತ್ತಾರೆ. ಎಂಟಕ್ಕಿಂತ ಹತ್ತು ಹೆಚ್ಚಲ್ಲವೇ?
— ಓದುಗರು, ಅಂಕೋಲಾ

ಉತ್ತರ: ಎಂಟಕ್ಕಿಂತ ಹತ್ತು ಹೆಚ್ಚು, ಆದರೆ ಇಪ್ಪತ್ತೈದಕ್ಕಿಂತ ನಲವತ್ತೆರಡು ಇನ್ನೂ ಹೆಚ್ಚು. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನೂ ಎರಡನೆಯದು ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರ್ ಎಂಬುದನ್ನೂ ಹೇಳುತ್ತವೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೋಡಿ. 8×42ರಲ್ಲಿ ಸುಮಾರು 5.25 ಬರುತ್ತದೆ, 10×25ರಲ್ಲಿ 2.5. ದುರ್ಬೀನಿನಿಂದ ನಿಮ್ಮ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಇದು. ಮಧ್ಯಾಹ್ನದ ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆಯೇ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುವುದರಿಂದ ಎರಡರಲ್ಲೂ ವ್ಯತ್ಯಾಸ ತಿಳಿಯುವುದಿಲ್ಲ; ಅಂಗಡಿಯ ಬಾಗಿಲಲ್ಲಿ ನಿಂತು ಪರೀಕ್ಷಿಸಿದವರು ಮೋಸಹೋಗುವುದು ಇಲ್ಲಿಯೇ. ಸಂಜೆ ಪಾಪೆ ಐದು ಮಿಲಿಮೀಟರ್, ಹರೆಯದವರಲ್ಲಿ ಏಳರವರೆಗೂ ಅರಳುತ್ತದೆ. ಆಗ 2.5ರ ಕಂಬ ಅದನ್ನು ತುಂಬಲಾರದು. ಲೆಕ್ಕ ಹಾಕಿದರೆ ಮುಸ್ಸಂಜೆಯಲ್ಲಿ 8×42ರ ಚಿತ್ರ 10×25ರದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೆಳಗಿರುತ್ತದೆ. ನಿಮಗೆ ಬೇಕಾಗಿರುವುದು ಸಂಜೆಯ ದುರ್ಬೀನು; ಸ್ನೇಹಿತರ ಮಾತು ಕೇಳಿ.

ಹತ್ತು ಪಟ್ಟಿನಲ್ಲಿ ಕೈಯ ನಡುಕವೂ ಹತ್ತು ಪಟ್ಟಾಗುತ್ತದೆ, ಕಾಣುವ ಹರವೂ ಕಿರಿದಾಗುತ್ತದೆ ಎಂಬುದನ್ನೂ ಮರೆಯಬೇಡಿ. 8×42ರ ತೊಂದರೆ ತೂಕ: ಸಾಮಾನ್ಯವಾಗಿ 600ರಿಂದ 700 ಗ್ರಾಂ. ಕೊರಳಿಗೆ ಭಾರವೆನಿಸಿದರೆ 8×32 ನೋಡಬಹುದು. ಅದರ ಕಂಬ 4 ಮಿಲಿಮೀಟರ್, ಸಂಜೆಗೆ ಸಾಕಷ್ಟಾಯಿತು. ಕನ್ನಡಕ ಹಾಕುವವರು ಕಣ್ಣಿನ ಬದಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಟ್ಟು ನೋಡಬೇಕು, ಇಲ್ಲವಾದರೆ ಚಿತ್ರದ ಅಂಚು ತಿಂದುಹೋಗುತ್ತದೆ. ಕೊಂಡ ದಿನವೇ ಒಂದು ಕೆಲಸ ಮಾಡಿ: ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ದೂರದ ಫಲಕವೊಂದನ್ನು ಸ್ಪಷ್ಟಪಡಿಸಿಕೊಳ್ಳಿ, ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನು ತಿರುಗಿಸಿ ಅದೇ ಫಲಕವನ್ನು ಸ್ಪಷ್ಟಪಡಿಸಿಕೊಳ್ಳಿ. ಎಷ್ಟೋ ಮಂದಿ ವರ್ಷಗಟ್ಟಲೆ ಇದನ್ನು ಮಾಡದೆ, ದುರ್ಬೀನು ನೋಡಿದರೆ ತಲೆನೋವು ಬರುತ್ತದೆ ಎನ್ನುತ್ತಿರುತ್ತಾರೆ. ಮುಳುಗುವ ಸೂರ್ಯನತ್ತ ಅದನ್ನು ಎಂದಿಗೂ ತಿರುಗಿಸಬೇಡಿ. ಕೆಂಪಗೆ ತಣ್ಣಗೆ ಕಂಡರೂ ಅದು ಕಣ್ಣನ್ನು ಸುಡಬಲ್ಲದು.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು ಬೇಕು. ನನ್ನ ಮೊದಲ ದುರ್ಬೀನನ್ನು ಚರ್ಮದ ಚೀಲದಲ್ಲಿಟ್ಟು, ಜೂನ್ ತಿಂಗಳಲ್ಲಿ ಕಬ್ಬಿಣದ ಕಪಾಟಿನೊಳಗೆ ಬಟ್ಟೆಗಳ ಕೆಳಗೆ ಭದ್ರವಾಗಿ ಇಟ್ಟೆ. ಅಕ್ಟೋಬರಿನಲ್ಲಿ ತೆಗೆದು ನೋಡಿದರೆ ಗಾಜಿನ ಒಳಗಡೆ ಜೇಡರ ಬಲೆಯಂಥ ಬೂಷ್ಟು ಹರಡಿಕೊಂಡಿತ್ತು. ಒರೆಸಲು ಬಾರದ ಕಡೆ. ಮಳೆಗಾಲದಲ್ಲಿ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಕತ್ತಲು, ತೇವ, ಚರ್ಮ ಮೂರೂ ಸೇರಿದರೆ ಬೂಷ್ಟಿಗೆ ಹಬ್ಬ. ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ಬಿಸಿಲು ಕಂಡ ದಿನ ಹೊರತೆಗೆದು ಗಾಳಿಯಾಡಿಸಿ. ಒಳಗೆ ನೈಟ್ರೋಜನ್ ತುಂಬಿ ಮುದ್ರೆ ಮಾಡಿದ ಜಲನಿರೋಧಕ ದುರ್ಬೀನಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡುವುದು ಬೇರೆ ಊರಿನಲ್ಲಿ ಶೋಕಿಯಾದೀತು, ನಮ್ಮಲ್ಲಿ ಅಲ್ಲ. ಕಡಲ ದಂಡೆಯಿಂದ ಬಂದ ಮೇಲೆ ಗಾಜನ್ನು ಒಣಬಟ್ಟೆಯಿಂದ ತಿಕ್ಕಬೇಡಿ. ಅಂಟಿದ ಉಪ್ಪು ಮರಳು ಗೀರುತ್ತವೆ. ಮೊದಲು ಊದಿ, ಆಮೇಲೆ ತುಸು ಒದ್ದೆಯಾದ ಮೆತ್ತನೆಯ ಬಟ್ಟೆ.

ಪ್ರಶ್ನೆ: ಚಳಿಗಾಲದಲ್ಲಿ ನಮ್ಮ ಬಂದರಿನ ಬಳಿ ಬರುವ ಕಡಲಕ್ಕಿಗಳಿಗೆ ಪುಸ್ತಕದಲ್ಲಿ ಕಪ್ಪುತಲೆ, ಕಂದುತಲೆ ಎಂದು ಹೆಸರಿದೆ. ನಾನು ಡಿಸೆಂಬರಿನಿಂದ ನೋಡುತ್ತಿದ್ದೇನೆ, ಎಲ್ಲದರ ತಲೆಯೂ ಬೆಳ್ಳಗಿದೆ. ಪುಸ್ತಕ ತಪ್ಪೇ?
— ಓದುಗರು, ಬೈತಖೋಲ್, ಕಾರವಾರ

ಉತ್ತರ: ಪುಸ್ತಕ ಸರಿ, ಹೆಸರು ಮಾತ್ರ ನಮಗೆ ಹೊಂದದ್ದು. ಆ ಹೆಸರಿಟ್ಟವರು ಅವುಗಳನ್ನು ಮರಿ ಮಾಡುವ ಋತುವಿನ ಉಡುಗೆಯಲ್ಲಿ ಕಂಡಿದ್ದರು. ಮದುವೆಯ ಪೇಟ ಕಳಚಿಟ್ಟ ಮೇಲೆ ಅವು ನಮ್ಮಲ್ಲಿಗೆ ಬರುತ್ತವೆ. ತಲೆಯ ಕಪ್ಪೆಲ್ಲ ಹೋಗಿ ಕಣ್ಣಿನ ಹಿಂದೆ ಒಂದು ಕಪ್ಪು ಬೊಟ್ಟು ಮಾತ್ರ ಉಳಿದಿರುತ್ತದೆ. ಆದ್ದರಿಂದ ಚಳಿಗಾಲದಲ್ಲಿ ತಲೆ ನೋಡಬೇಡಿ, ಹಾರುವಾಗ ರೆಕ್ಕೆಯ ತುದಿ ನೋಡಿ. ಅಗಲವಾದ ಕಪ್ಪು ತುದಿಯಲ್ಲಿ ಬಿಳಿಯ ಮಚ್ಚೆಗಳಿದ್ದರೆ ಅದು ಕಂದುತಲೆಯದು, ಟಿಬೆಟಿನ ಎತ್ತರದ ಸರೋವರಗಳ ಕಡೆಯಿಂದ ಬಂದದ್ದು. ಬೆಳೆದ ಹಕ್ಕಿಯ ಕಣ್ಣೂ ತಿಳಿಯಾಗಿರುತ್ತದೆ. ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ಬಿಳಿಯ ಪಟ್ಟೆಯೊಂದು ಹರಿದು, ತುದಿಯಲ್ಲಿ ಕಪ್ಪು ಸಣ್ಣ ಅಂಚಾಗಿ ಮಾತ್ರ ಇದ್ದರೆ ಅದು ಕಪ್ಪುತಲೆಯದು. ಕಪ್ಪುತಲೆಯದರ ಬೇಸಿಗೆಯ ತಲೆಯೂ ನಿಜವಾಗಿ ಕಡುಕಂದು, ಕಪ್ಪಲ್ಲ. ಹೆಸರಿಡುವವರ ಗೊಂದಲ ಅಲ್ಲಿಗೂ ನಿಲ್ಲಲಿಲ್ಲ. ಮಾರ್ಚ್ ತಿಂಗಳ ಸಂಜೆಗಳಲ್ಲಿ ಮತ್ತೆ ನೋಡಿ. ಹೊರಡುವ ಮುನ್ನ ಕೆಲವು ಹಕ್ಕಿಗಳಿಗೆ ತಲೆಯ ಬಣ್ಣ ತುಂಬತೊಡಗಿರುತ್ತದೆ, ಅರ್ಧ ಪೇಟ ಸುತ್ತಿಕೊಂಡವೂ ಕಾಣುತ್ತವೆ.

ಪ್ರಶ್ನೆ: ಸಂಜೆ ದುರ್ಬೀನು ಹಿಡಿದು ನಿಂತರೆ ಜನ ಅನುಮಾನದಿಂದ ನೋಡುತ್ತಾರೆ. ಒಮ್ಮೆ ಪೊಲೀಸರೂ ವಿಚಾರಿಸಿದರು. ನೌಕಾನೆಲೆಯಿರುವ ಊರಿನಲ್ಲಿ ಇದು ಅಪರಾಧವೇ?
— ಓದುಗರು, ಕಾರವಾರ

ಉತ್ತರ: ಉದ್ಯಾನದಲ್ಲಿ ಹಕ್ಕಿ ನೋಡುವುದು ಅಪರಾಧವಲ್ಲ, ವಿಚಾರಿಸುವುದೂ ಅವರ ಕೆಲಸವೇ. ಐಎನ್ಎಸ್ ಕದಂಬ ನೌಕಾನೆಲೆ ಇರುವ ಅರ್ಗಾದ ಕಡೆಗಾಗಲಿ, ಬಂದರು, ಹಡಗುಗಳ ಕಡೆಗಾಗಲಿ ದುರ್ಬೀನನ್ನೂ ಕ್ಯಾಮೆರಾವನ್ನೂ ತಿರುಗಿಸಬೇಡಿ. ಛಾಯಾಚಿತ್ರ ನಿಷೇಧವೆಂಬ ಫಲಕ ಇರುವ ಕಡೆ ಹಕ್ಕಿ ಎಷ್ಟೇ ಅಪರೂಪದ್ದಾದರೂ ಬಿಟ್ಟುಬಿಡಿ. ಗುರುತಿನ ಚೀಟಿ ಜೇಬಿನಲ್ಲಿರಲಿ, ಹಕ್ಕಿಗಳ ಪುಸ್ತಕ ಕೈಯಲ್ಲಿರಲಿ. ಕೇಳಿದವರಿಗೆ ಮಾತಿನಲ್ಲಿ ವಿವರಿಸುವುದಕ್ಕಿಂತ ದುರ್ಬೀನನ್ನೇ ಕೊಟ್ಟು ಎದುರಿನ ಮರದ ಮಿಂಚುಳ್ಳಿಯನ್ನು ತೋರಿಸುವುದು ಒಳ್ಳೆಯದೆಂದು ನನ್ನ ಅನುಭವ. ಮರುದಿನ ಅವರೇ ಕರೆದು, ಇನ್ನೊಂದು ಅಲ್ಲಿ ಕೂತಿದೆ ಎನ್ನುತ್ತಾರೆ.

ಪ್ರಶ್ನೆ: ನಾನು ಕುಮಟಾ ತಾಲ್ಲೂಕಿನ ಶಿಕ್ಷಕ. ಶಾಲೆ ಬಿಟ್ಟ ಮೇಲೆ ಅಘನಾಶಿನಿಯ ಅಳಿವೆಗೆ ಹೋಗುತ್ತೇನೆ. ಒಂದು ದಿನ ಕೆಸರಿನ ತುಂಬ ಹಕ್ಕಿಗಳಿರುತ್ತವೆ, ವಾರ ಬಿಟ್ಟು ಹೋದರೆ ನೀರಲ್ಲದೆ ಏನೂ ಇರುವುದಿಲ್ಲ. ಇದಕ್ಕೇನು ಲೆಕ್ಕ?
— ಓದುಗರು, ಕುಮಟಾ

ಉತ್ತರ: ಲೆಕ್ಕ ಗಡಿಯಾರದಲ್ಲಿಲ್ಲ, ಪಂಚಾಂಗದಲ್ಲಿದೆ. ಬಳಚು ಎಂಬ ಚಿಪ್ಪಿನ ಜೀವಿಯನ್ನು ಹೆಕ್ಕುವವರಿಗೂ ಉಪ್ಪುನೀರು ನುಗ್ಗುವ ಗಜನಿ ಗದ್ದೆಯವರಿಗೂ ಇದು ಗೊತ್ತು. ಆ ಹಕ್ಕಿಗಳು ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನಲ್ಲಿ ಹುಳು, ಏಡಿ, ಚಿಪ್ಪಿನ ಜೀವಿಗಳನ್ನು ತಿಂದು ಬದುಕುವಂಥವು. ಕೆಸರು ಮುಳುಗಿದರೆ ಅವು ಬೇರೆಲ್ಲೋ ಒಣಜಾಗದಲ್ಲಿ ಒಂಟಿಕಾಲಿನಲ್ಲಿ ನಿಂತು ಕಾಯುತ್ತಿರುತ್ತವೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷದಂತೆ ತಡವಾಗುತ್ತ ಹೋಗುವುದರಿಂದ, ಈ ಹೊತ್ತು ಇಳಿತವಿದ್ದರೆ ವಾರದ ನಂತರ ಇದೇ ಹೊತ್ತಿಗೆ ಉಬ್ಬರವಿರುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ನಡುಹಗಲಿನ ಹೊತ್ತಿಗೆ ಉಬ್ಬರ ಬಂದು ಸಂಜೆಗೆ ನೀರು ಚೆನ್ನಾಗಿ ಇಳಿದಿರುತ್ತದೆ. ಅಷ್ಟಮಿ, ನವಮಿಯ ಹೊತ್ತಿಗೆ ಸಂಜೆಯೇ ನೀರು ತುಂಬಿರುತ್ತದೆ. ನೀವು ಬರಿಗೈಯಲ್ಲಿ ಮರಳಿದ ದಿನಗಳ ತಿಥಿ ನೋಡಿ, ನನ್ನ ಮಾತು ಸರಿಹೊಂದುತ್ತದೆ.

ಆದರೆ ನೀರು ಪೂರ್ತಿ ಇಳಿದ ಗಳಿಗೆಯೇ ಉತ್ತಮವೆಂದುಕೊಳ್ಳಬೇಡಿ. ಆಗ ಹಕ್ಕಿಗಳು ದೂರದ ಕೆಸರಿನವರೆಗೆ ಚದುರಿ ಚುಕ್ಕೆಗಳಾಗಿರುತ್ತವೆ. ನೀರು ಮತ್ತೆ ಏರತೊಡಗಿ ಕೆಸರನ್ನು ಬೆರಳಗಲ ಬೆರಳಗಲವಾಗಿ ನುಂಗುತ್ತ ಬರುವಾಗ, ಅವೂ ತಿನ್ನುತ್ತ ತಿನ್ನುತ್ತ ದಂಡೆಯ ಕಡೆಗೆ, ನಿಮ್ಮ ಕಡೆಗೆ, ಸರಿಯುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ಒಂದೆರಡು ದಿನ ಮುಂಚೆ ಸಂಜೆ ಹೋದರೆ ಆ ಹೊತ್ತು ಸಿಗುವುದುಂಟು. ಅಳಿವೆಯ ಒಳಕ್ಕೆ ಹೋದಷ್ಟೂ ಇಳಿತ ತಡವಾಗುವುದರಿಂದ ನಿಮ್ಮ ಜಾಗದ ನಿಖರ ಹೊತ್ತನ್ನು ದೋಣಿಯವರಲ್ಲಿ ಕೇಳಿಕೊಳ್ಳಿ. ಅಲ್ಲಿ ಸದ್ದಿಲ್ಲದೆ ಕುಳಿತರೆ, ಕತ್ತಿಯಂತೆ ಕೆಳಕ್ಕೆ ಬಾಗಿದ ಗೇಣುದ್ದದ ಕೊಕ್ಕನ್ನು ಕೆಸರಿನಲ್ಲಿ ಬುಡದವರೆಗೂ ಇಳಿಸಿ ಏಡಿಯನ್ನು ಎಳೆದು ತೆಗೆಯುವ ಹಕ್ಕಿಯನ್ನು ದುರ್ಬೀನಿಲ್ಲದೆಯೂ ನೋಡಬಹುದು. ಅಂದ ಹಾಗೆ, ನಿಮ್ಮ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ಜೌಗುತಾಣಗಳ ಪಟ್ಟಿಗೆ ಸೇರಿದ್ದು 2024ರ ಆರಂಭದಲ್ಲಿ ಪ್ರಕಟವಾಯಿತು. ನೀವು ಬರೆದಿಡುವ ಎಣಿಕೆಗೆ ಬೆಲೆಯಿದೆ. ಬರೀ ಹಕ್ಕಿಯ ಹೆಸರನ್ನಲ್ಲ, ದಿನಾಂಕ, ಹೊತ್ತು, ತಿಥಿ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನೂ ಬರೆಯಿರಿ. ಹಕ್ಕಿ ನೋಡುವವರು ತಮ್ಮ ಪಟ್ಟಿಗಳನ್ನು ಕೂಡಿಡುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದರೆ ಬೇರೆಯವರಿಗೂ ಸಿಗುತ್ತದೆ.

ಪ್ರಶ್ನೆ: ನಮ್ಮ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಸಂಜೆ ಯಾರೋ ಗಹಗಹಿಸಿ ನಕ್ಕಂತೆ ಕೇಳುತ್ತದೆ. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ, ಮೊಬೈಲಿನ ಮರ್ಲಿನ್ ಆ್ಯಪ್ ಒಮ್ಮೆ ಒಂದು ಹೆಸರು, ಇನ್ನೊಮ್ಮೆ ಇನ್ನೊಂದು ಹೆಸರು ತೋರಿಸುತ್ತದೆ.
— ಓದುಗರು, ಶಿರಸಿ

ಉತ್ತರ: ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಮಲಬಾರ್ ಬೂದು ಮಂಗಟ್ಟೆಯೇ ಇರಬೇಕು. ಮೊದಲು ಸಣ್ಣಗೆ ಕಿಸಿಕಿಸಿ ನಕ್ಕು, ಆಮೇಲೆ ನಗೆ ತಡೆಯಲಾರದೆ ಬಿದ್ದುಬಿದ್ದು ನಕ್ಕು, ಕೊನೆಗೆ ಉಸಿರು ಸಾಲದೆ ನಿಲ್ಲಿಸಿದಂತಿದ್ದರೆ ಸಂಶಯ ಬೇಡ. ದೊಡ್ಡ ಮಂಗಟ್ಟೆಗಳಿಗೆ ಇರುವಂತೆ ಇದರ ಕೊಕ್ಕಿನ ಮೇಲೆ ಎದ್ದುಕಾಣುವ ಶಿಖೆ ಇರುವುದಿಲ್ಲ. ಬೆಟ್ಟದಲ್ಲಿ ಅತ್ತಿ, ಬಸರಿ ಹಣ್ಣಾದ ಮರ ಯಾವುದೆಂದು ಹಗಲಿನಲ್ಲಿ ಗುರುತಿಸಿಟ್ಟುಕೊಂಡು ಸಂಜೆ ಅದರ ಕೆಳಗೆ ಕುಳಿತುಕೊಳ್ಳಿ. ಆ್ಯಪ್ ಹೇಳಿದ್ದನ್ನು ಸಲಹೆಯೆಂದು ಕೇಳಿ, ಕಣ್ಣಿಗೆ ಕಾಣುವವರೆಗೆ ಪುಸ್ತಕದಲ್ಲಿ ಬರೆಯಬೇಡಿ. ಜೀರುಂಡೆಗಳ ಗದ್ದಲದಲ್ಲಿ ಅದಕ್ಕೂ ಕಿವಿ ಕೇಳಿಸುವುದಿಲ್ಲ. ಮಳೆಗಾಲದಲ್ಲಿ ಬಿಡುವಾದರೆ ಸೋಂದೆಯ ಮುಂಡಿಗೆಕೆರೆಗೆ ಒಂದು ಸಂಜೆ ಹೋಗಿ ಬನ್ನಿ. ಕೆರೆಯೊಳಗಿನ ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟಿದ ಬೆಳ್ಳಕ್ಕಿಗಳು ಗದ್ದೆಗಳಿಂದ ಮರಳಿ ಬರುವುದನ್ನು ನೋಡಲು ಕೊಡೆ ಹಿಡಿದು ನಿಂತರೂ ನಷ್ಟವಿಲ್ಲ.

ಪ್ರಶ್ನೆ: ನಮ್ಮೂರಿನ ಉದ್ಯಾನದ ಹಳೆಯ ಮರದ ಪೊಟರೆಯಲ್ಲಿ ಎರಡು ಹಾಲಕ್ಕಿಗಳಿವೆ, ಪುಟ್ಟ ಜಾತಿಯ ಗೂಬೆಗಳು. ಸಂಜೆ ಅವು ಕೂಗಿದರೆ ಅಪಶಕುನವೆಂದು ಅಜ್ಜಿ ನನ್ನನ್ನು ಅಲ್ಲಿಗೆ ಹೋಗಗೊಡುವುದಿಲ್ಲ. ಕೆಲವರು ಆ ಪೊಟರೆಯನ್ನು ಮುಚ್ಚಿಸಬೇಕೆನ್ನುತ್ತಿದ್ದಾರೆ.
— ಓದುಗರು, ಹೊನ್ನಾವರ

ಉತ್ತರ: ನಿಮ್ಮ ಅಜ್ಜಿಯವರಿಗೆ ಒಂದು ಮಾತು ನೆನಪಿಸಿ. ಬುಡುಬುಡಿಕೆಯವನು ಬಾಗಿಲಿಗೆ ಬಂದು ‘ಹಾಲಕ್ಕಿ ನುಡೀತೈತೆ’ ಎಂದು ಶುರುಮಾಡಿ ಹೇಳುತ್ತಿದ್ದುದು ಒಳ್ಳೆಯ ಸುದ್ದಿಯನ್ನಲ್ಲವೇ? ಅವನ ಬಾಯಲ್ಲಿ ಶುಭ ನುಡಿಯುವ ಹಕ್ಕಿ ಉದ್ಯಾನದ ಮರದಲ್ಲಿ ಕುಳಿತೊಡನೆ ಅಶುಭ ನುಡಿಯುವುದೆಂದರೆ ನ್ಯಾಯವಲ್ಲ. ಪೊಟರೆ ಮುಚ್ಚುವ ಮಾತಿಗೆ ಮಾತ್ರ ಗಟ್ಟಿಯಾಗಿ ಅಡ್ಡಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗೂಬೆಗಳಿಗೆ ರಕ್ಷಣೆಯಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಒಳಗೆ ಮೊಟ್ಟೆಯೋ ಮರಿಯೋ ಇರುವ ಸಂಭವವಿದೆ. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ. ದೀಪಾವಳಿಯ ಹೊತ್ತಿಗೆ ಮಾಟದ ಹೆಸರಿನಲ್ಲಿ ಗೂಬೆಗಳನ್ನು ಹಿಡಿದು ಮಾರುವವರೂ ಇರುವುದರಿಂದ, ಪೊಟರೆಯ ಜಾಗವನ್ನು ಮೊಬೈಲಿನಲ್ಲಿ ಚಿತ್ರಸಮೇತ ಹಂಚುವುದು ಬೇಡ.

ಅಜ್ಜಿಯವರನ್ನು ಒಂದು ಸಂಜೆ ಜೊತೆಗೆ ಕರೆದುಕೊಂಡು ಹೋಗಿ, ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂರಿಸಿ. ಟಾರ್ಚ್ ಹಾಕಬೇಡಿ. ಸೂರ್ಯ ಮುಳುಗಿದ ಹತ್ತು ಹದಿನೈದು ನಿಮಿಷಕ್ಕೆ ಪೊಟರೆಯ ಬಾಯಲ್ಲಿ ಮೊದಲು ಒಂದು ದುಂಡು ತಲೆ, ಬಿಳಿ ಹುಬ್ಬು, ಹಳದಿ ಕಣ್ಣು ಕಾಣುತ್ತವೆ. ಅದು ಹೊರಗೆ ಬಂದು, ನಿಮ್ಮನ್ನು ಕಂಡು, ದೂರ ಎಷ್ಟೆಂದು ಅಳೆಯಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಸ್ವಲ್ಪ ಹೊತ್ತಿಗೆ ಎರಡನೆಯದೂ ಬಂದು ಅದಕ್ಕೆ ಮೈತಾಗಿಸಿ ಕೂರುತ್ತದೆ, ಒಂದು ಇನ್ನೊಂದರ ಕೊರಳಿನ ಗರಿ ಸವರುತ್ತದೆ. ಆಮೇಲೆ ಎರಡೂ ಸೇರಿ ಕಿರಿಕಿರಿಯೆಂದು ಜಗಳವಾಡುವಂತೆ ಕೂಗುತ್ತವೆ. ಅಜ್ಜಿಗೆ ಅಪಶಕುನವೆನಿಸಿದ ಕೂಗು ಅದೇ. ಅದು ಮುಗಿದೊಡನೆ ಒಂದು ಹಾರಿ ದೀಪದ ಕಂಬಕ್ಕೆ ಹೋಗಿ, ಅಲ್ಲಿ ಮುತ್ತಿದ ಹುಳುಗಳಲ್ಲಿ ದೊಡ್ಡದೊಂದನ್ನು ಕಾಲಿನಲ್ಲಿ ಹಿಡಿದು ತಂದು ತಿನ್ನುತ್ತದೆ.